ಮಂತ್ರದಂಡ ಕಡೆಯುವ ಬಗೆ: ಆಲೆ ಮರ, ಅರಗು, ತಾಳೆಗರಿ

ಮಕ್ಕಳ ನಾಟಕಕ್ಕೋ, ರೋಲ್‌ಪ್ಲೇ ಆಟಕ್ಕೋ, ಕಿರುಚಿತ್ರಕ್ಕೋ ಮಂತ್ರದಂಡ ಬೇಕಾದರೆ ಸಾಮಾನ್ಯವಾಗಿ ಒಂದು ಕೋಲಿಗೆ ಹಾಟ್ ಗ್ಲೂ ಸುತ್ತಿ, ಕಂದು ಬಣ್ಣ ಬಳಿದು, ತುದಿಗೆ ಬಂಗಾರದ ಸ್ಪ್ರೇ ಹೊಡೆದು ಮುಗಿಸುತ್ತಾರೆ. ದೂರಕ್ಕೆ ಚೆನ್ನಾಗಿಯೇ ಕಾಣುತ್ತದೆ. ಕೈಗೆ ತೆಗೆದುಕೊಂಡರೆ ಮಾತ್ರ ಹುಸಿ ಅನಿಸುತ್ತದೆ, ಏಕೆಂದರೆ ಅದರ ಮೇಲಿನ ಒಂದು ಗೆರೆಗೂ ಕಾರಣವಿರುವುದಿಲ್ಲ. ಮಾಯಾಲೋಕದ ಕುಶಲಕರ್ಮಿಯೊಬ್ಬ ಮಾಡಿದ್ದು ಎಂದು ನಂಬಬೇಕಾದರೆ ದಂಡದ ಉಂಗುರ, ಏರಿಳಿತ, ಹೊಳಪು ಎಲ್ಲವೂ ಕೆಲಸದ ಅಗತ್ಯದಿಂದಲೇ ಹುಟ್ಟಿರಬೇಕು. ಅದಕ್ಕೆ ಚನ್ನಪಟ್ಟಣದ ಗೊಂಬೆ ಮಾಡುವವರ ಅರಗಿನ ವಿಧಾನ ಹೇಳಿ ಮಾಡಿಸಿದಂತಿದೆ. ಇಲ್ಲಿ ಹೇಳಿರುವುದು 32 ಸೆಂ.ಮೀ ಉದ್ದದ ದಂಡಕ್ಕೆ: 11 ಸೆಂ.ಮೀ ಹಿಡಿ, 21 ಸೆಂ.ಮೀ ಕೋಲು. ಲೇತ್ (ಮರವನ್ನು ತಿರುಗಿಸುತ್ತ ಕಡೆಯುವ ಯಂತ್ರ) ಮೇಲೆ ಉಳಿ ಹಿಡಿದು ಅಭ್ಯಾಸವಿದ್ದವರಿಗೆ, ಒಣಗಿದ ಮರ ಕೈಯಲ್ಲಿದ್ದರೆ, ಇದು ಎರಡು ದಿನದ ಕೆಲಸ.

ಮೊದಲು ಮರ. ಚನ್ನಪಟ್ಟಣದಲ್ಲಿ ಬಳಸುವ ಆಲೆ ಮರ ದಂತದ ಹಾಗೆ ಬೆಳ್ಳಗೆ, ಎಳೆ ಬಹಳ ನುಣುಪು. ಅರಗು ಅದರ ಮೇಲೆ ಸಮನಾಗಿ ಕೂರುತ್ತದೆ. ಬೀಟೆ ನೋಡಲು ಗಂಭೀರ, ಆದರೆ ಅದರ ಧೂಳು ಹಲವರಿಗೆ ಅಲರ್ಜಿ ತರುತ್ತದೆ, ಕಪ್ಪು ಮೈಮೇಲೆ ಬಣ್ಣವೂ ಏಳುವುದಿಲ್ಲ. ಶ್ರೀಗಂಧವನ್ನು ರಸೀದಿ, ಕಾಗದಪತ್ರ ಇಲ್ಲದೆ ಮುಟ್ಟಲೇಬೇಡಿ. ಕಣಗಿಲೆ ಮತ್ತು ಕಾಸರಕ ಎಷ್ಟೇ ಸುಲಭವಾಗಿ ಸಿಕ್ಕಿದರೂ ಬೇಡ. ಎರಡೂ ವಿಷದ ಗಿಡಗಳು, ಮಕ್ಕಳು ದಂಡವನ್ನು ಬಾಯಿಗೆ ಇಟ್ಟೇ ಇಡುತ್ತಾರೆ.

ತುಂಡು 38 ಸೆಂ.ಮೀ ಉದ್ದ, 28 ಮಿ.ಮೀ ಚೌಕ ಇರಲಿ. ಎರಡೂ ಕಡೆ 3 ಸೆಂ.ಮೀ ಲೇತ್‌ಗೆ ಬಿಟ್ಟ ಪಾಲು. ಎಳೆ ಈ ತುದಿಯಿಂದ ಆ ತುದಿಗೆ ನೇರವಾಗಿ ಓಡಬೇಕು. ಅನುಮಾನವಿದ್ದರೆ ಹೆರೆದ ಮೈಮೇಲೆ ಪೆನ್ನಿನ ಶಾಯಿಯ ಒಂದು ಹನಿ ಬಿಡಿ. ಶಾಯಿ ಎಳೆಯ ಗುಂಟ ಸಣ್ಣ ಗೆರೆಯಾಗಿ ಹರಡುತ್ತದೆ. ಆ ಗೆರೆ ತುಂಡಿನ ಅಂಚಿಗೆ ಸಮಾನಾಂತರವಾಗಿದ್ದರೆ ಸರಿ. ಓರೆಯಾಗಿ ಅಂಚಿನ ಕಡೆಗೆ ಹೋಗುತ್ತಿದ್ದರೆ ಆ ತುಂಡನ್ನು ಬುಗುರಿಗೆ ಎತ್ತಿಡಿ, ಏಕೆಂದರೆ 8 ಮಿ.ಮೀ ದಪ್ಪದ ತುದಿ ಮೊದಲ ಸಲ ನೆಲಕ್ಕೆ ಬಿದ್ದಾಗಲೇ ಆ ಓರೆಯಲ್ಲಿ ಮುರಿಯುತ್ತದೆ. ಸೀಳಿದ ಮರದಲ್ಲಿ ಎಳೆ ತಾನಾಗಿ ನೇರ ಬರುತ್ತದೆ. ಗರಗಸದಲ್ಲಿ ಕೊಯ್ದದ್ದರಲ್ಲಿ ನೋಡಿ ಆರಿಸಬೇಕು.

ಹಸಿ ಮರದ ತುದಿಗಳಿಗೆ ಮೇಣ ಹಚ್ಚಿ, ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ತಿಂಗಳು ಒಣಗಿಸಿ. ಒಣಗಿದೆಯೇ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ, ಎರಡು ವಾರ ತೂಕ ಕದಲದಿದ್ದರೆ ಒಣಗಿತು ಎಂದರ್ಥ. ಆತುರಪಟ್ಟರೆ ದಂಡ ಬಾಗುತ್ತದೆ; ಒಳಗಿನ ತೇವ ಅರಗಿನ ಬಿಸಿಗೆ ಆವಿಯಾಗಿ ಮೈಮೇಲೆ ಸಣ್ಣ ಗುಳ್ಳೆ ಎಬ್ಬಿಸುತ್ತದೆ.

ಮಾಯಾಲೋಕದ ದಂಡಗಳಿಗೆ ಒಳಗೊಂದು ತಿರುಳು ಇರಬೇಕೆಂಬ ಆಸೆ ಸಹಜ. ಅದನ್ನು ಕಡೆಯುವ ಮೊದಲೇ ಇಡಬೇಕು. ಸಿದ್ಧವಾದ ದಂಡಕ್ಕೆ ತೂತು ಕೊರೆಯಲು ಹೋದರೆ ಡ್ರಿಲ್ ಬಿಟ್ ಓರೆಯಾಗಿ ಪಕ್ಕದಿಂದ ಹೊರಬರುತ್ತದೆ. ಹಿಡಿಯ ಕಡೆಯ ತುದಿಯ ನಡುಮಧ್ಯದಿಂದ 6 ಮಿ.ಮೀ ಬಿಟ್‌ನಲ್ಲಿ 70 ಮಿ.ಮೀ ಆಳಕ್ಕೆ ಕೊರೆಯಿರಿ. ತಳದಲ್ಲಿ ಬೇಕಾದ್ದನ್ನು ಇಟ್ಟು, 45 ಮಿ.ಮೀ ಉದ್ದದ ಆಲೆ ಕಡ್ಡಿಗೆ ಮರದ ಅಂಟು ಹಚ್ಚಿ ಬಿರಡೆಯಾಗಿ ತುಂಬಿ, ಒಂದು ದಿನ ಬಿಡಿ. ಮೊದಲ 30 ಮಿ.ಮೀ ಕೊನೆಗೆ ಕತ್ತರಿಸಿ ಹೋಗುತ್ತದೆ, 15 ಮಿ.ಮೀ ಬಿರಡೆ ಉಳಿಯುತ್ತದೆ, ಒಳಗೆ 25 ಮಿ.ಮೀ ಗೂಡು. ಪುಟ್ಟ ಬೆಣಚುಕಲ್ಲು, ಓಲೆಯ ಚೂರು ಯಾವುದಾದರೂ ಆದೀತು. ಗುಲಗಂಜಿ ಮಾತ್ರ ಬೇಡ, ಅದರ ಬೀಜ ಒಡೆದು ಹೊಟ್ಟೆಗೆ ಹೋದರೆ ಪ್ರಾಣಕ್ಕೆ ಅಪಾಯ. ಗೂಡಿನಲ್ಲಿ ವಸ್ತು ಅಲುಗಾಡಿದರೆ ಲೇತ್ ಕಂಪಿಸುತ್ತದೆ, ಆದ್ದರಿಂದ ಹತ್ತಿ ತುಂಬಿ ಬಿಗಿಮಾಡಿ.

ಇನ್ನು ಕಡೆಯುವುದು. ಹಿಡಿಯ ಕಡೆ ಲೇತ್‌ನಲ್ಲಿ ಮರವನ್ನು ತಿರುಗಿಸುವ ಹೆಡ್‌ಸ್ಟಾಕ್‌ಗೆ, ತುದಿಯ ಕಡೆ ಎದುರಿನಿಂದ ಒತ್ತಿ ಹಿಡಿಯುವ ಟೇಲ್‌ಸ್ಟಾಕ್‌ಗೆ. ಟೇಲ್‌ಸ್ಟಾಕ್ ಬಿಗಿ ಎಷ್ಟು ಬೇಕೋ ಅಷ್ಟೇ ಇರಲಿ. ಹೆಚ್ಚು ಒತ್ತಿದರೆ ಸಣ್ಣಗಾಗುತ್ತಿರುವ ಕೋಲು ಬಿಲ್ಲಿನಂತೆ ಬಾಗಿ ಅದುರುತ್ತದೆ. ಗೌಜ್ ಉಳಿಯಲ್ಲಿ (ದೋಣಿಯಂತೆ ಬಾಗಿದ ಅಲಗಿನದು) ನಿಮಿಷಕ್ಕೆ ಸುಮಾರು 1200 ಸುತ್ತಿನ ವೇಗದಲ್ಲಿ ಚೌಕವನ್ನು 24 ಮಿ.ಮೀ ಉರುಟು ಮಾಡಿ. ಕೈಗವಸು, ಉದ್ದ ತೋಳು, ದುಪಟ್ಟಾ, ಬಿಟ್ಟ ಕೂದಲು ಲೇತ್ ಹತ್ತಿರ ಸುಳಿಯಕೂಡದು. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ.

ಕಸುಬು ಕಾಣುವುದು ಇಲ್ಲಿಂದ ಮುಂದೆ. ಇಡೀ ಕೋಲನ್ನು ಒಟ್ಟಿಗೆ ಸಣ್ಣ ಮಾಡಲು ಹೋಗಬೇಡಿ. ನಡುಭಾಗ ಹಗ್ಗದಂತೆ ಹಾರಲು ಶುರುವಾಗಿ ಮೈಮೇಲೆ ಸುರುಳಿ ಗೀರು ಬೀಳುತ್ತದೆ, ಆ ಗೀರನ್ನು ಯಾವ ಉಪ್ಪುಕಾಗದವೂ ಅಳಿಸುವುದಿಲ್ಲ. 21 ಸೆಂ.ಮೀ ಕೋಲನ್ನು ತಲಾ 7 ಸೆಂ.ಮೀಯ ಮೂರು ಗಣ್ಣುಗಳಾಗಿ ಗುರುತುಮಾಡಿ, ತುದಿಯ ಗಣ್ಣನ್ನು ಮೊದಲು ಮುಗಿಸಿ. ಸ್ಕ್ಯೂ ಉಳಿಯಲ್ಲಿ (ಓರೆ ಅಲಗಿನ ಚಪ್ಪಟೆ ಉಳಿ) ಯಾವಾಗಲೂ ದಪ್ಪದಿಂದ ಸಣ್ಣದರ ಕಡೆಗೆ ಕೆತ್ತುತ್ತ 10 ಮಿ.ಮೀಯಿಂದ 8 ಮಿ.ಮೀಗೆ ಇಳಿಸಿ. ನಂತರ 150, 240, 320 ನಂಬರಿನ ಉಪ್ಪುಕಾಗದ, ಬಳಿಕ ಅರಗು, ಹೊಳಪು. ಆಗಿನ್ನೂ ಹಿಂದಿನ ಭಾಗ 24 ಮಿ.ಮೀ ದಪ್ಪವಾಗಿ, ಗಟ್ಟಿಯಾಗಿ ಆಧಾರ ಕೊಡುತ್ತಿರುತ್ತದೆ. ಆಮೇಲೆ ನಡುವಿನ ಗಣ್ಣು 12ರಿಂದ 10ಕ್ಕೆ, ಕೊನೆಯದು 14ರಿಂದ 12ಕ್ಕೆ. ಒಮ್ಮೆ ಮುಗಿದ ಗಣ್ಣಿಗೆ ಮತ್ತೆ ಉಳಿ ತಾಗಿಸಬೇಡಿ. ಗಣ್ಣು ಗಣ್ಣಿನ ನಡುವೆ ಬಣ್ಣದ ಕೂಡುಗೆರೆ ಕಾಣುತ್ತದೆ. ಅಲ್ಲಿ 3 ಮಿ.ಮೀ ಅಗಲದ ಉಂಗುರ ಉಳಿಸಿ, ಅದಕ್ಕೆ ಬೇರೆ ಬಣ್ಣ ಕೊಡಿ. ನೋಡುವವರಿಗೆ ಅಲಂಕಾರ, ಕಡೆದವರಿಗೆ ಕೆಲಸ ನಿಂತು ಮುಂದುವರಿದ ಜಾಗ.

ಹಿಡಿ 20 ಮಿ.ಮೀ ಇರಲಿ. ಈ ಅಳತೆಗೆ ದಂಡದ ತೂಕದ ನಡು ಹಿಂಬದಿಯಿಂದ ಸುಮಾರು 10.8 ಸೆಂ.ಮೀ ದೂರದಲ್ಲಿ, ಅಂದರೆ ತೋರುಬೆರಳಿನ ಹತ್ತಿರವೇ ಬೀಳುತ್ತದೆ. ಚೆಂದಕ್ಕೆಂದು ಹಿಡಿಯನ್ನು 17ಕ್ಕೆ ಇಳಿಸಿದರೆ ಅದು ಒಂದು ಸೆಂ.ಮೀಗಿಂತ ಹೆಚ್ಚು ಮುಂದಕ್ಕೆ ಸರಿದು, ಮಣಿಕಟ್ಟು ತಿರುಗಿಸಿದಾಗ ತುದಿ ತೂಗುತ್ತದೆ.

ಅರಗಿನ ಕಡ್ಡಿ ಸಿದ್ಧವಾಗಿ ಸಿಗದಿದ್ದರೆ 100 ಗ್ರಾಂ ಅರಗನ್ನು ಇದ್ದಿಲಿನ ಕೆಂಡದ ಮೇಲೆ ಮೆತ್ತಗಾಗುವಷ್ಟೇ ಕಾಯಿಸಿ, 5ರಿಂದ 8 ಗ್ರಾಂ ಬಣ್ಣದ ಪುಡಿ ಸೇರಿಸಿ, ಎಳೆದು ಮಡಚಿ ನಾದಿ. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡದ ಬಣ್ಣ, ಎರಡೂ ಸೇರಿದರೆ ಹಸಿರು. ಅರಿಶಿನ ಬಿಸಿಲಿಗೆ ಮಂಕಾಗುತ್ತದೆ, ಗೊತ್ತಿರಲಿ. ಅರಗನ್ನು ಬಹಳ ಹೊತ್ತು ಕಾಯಿಸಿದರೆ ಅದು ರಬ್ಬರಿನಂತಾಗಿ ಮತ್ತೆ ಕರಗುವುದೇ ಇಲ್ಲ. ಆ ಮುದ್ದೆಯನ್ನು ಎಸೆಯದೆ ಗತಿಯಿಲ್ಲ.

ತಿರುಗುವ ಮರಕ್ಕೆ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ. ತೊಂದರೆ ಎದುರಾಗುವುದು ತುದಿಯಲ್ಲಿ. ಲೇತ್ 1500 ಸುತ್ತಿನಲ್ಲಿದ್ದರೆ 20 ಮಿ.ಮೀ ಹಿಡಿಯ ಮೈ ನಿಮಿಷಕ್ಕೆ ಸುಮಾರು 94 ಮೀಟರ್ ಓಡುತ್ತದೆ, 8 ಮಿ.ಮೀ ತುದಿ ಬರೀ 38 ಮೀಟರ್. ಬಿಸಿ ಸಾಲದೆ ಅರಗು ತೇಪೆ ತೇಪೆಯಾಗಿ ಅಂಟುತ್ತದೆ, ಇನ್ನಷ್ಟು ಒತ್ತಿದರೆ ತುದಿ ಮುರಿಯುತ್ತದೆ. ವೇಗವನ್ನು 2000ಕ್ಕೆ ಏರಿಸಿ, ಕಡ್ಡಿಯ ಮೂತಿಯನ್ನು ಕೆಂಡಕ್ಕೆ ಹಿಡಿದು ಮೊದಲೇ ಬೆಚ್ಚಗೆ ಮಾಡಿಕೊಳ್ಳಿ, ಹಗುರವಾಗಿ ತಾಗಿಸಿ. ಹಿಡಿಯ ಮೇಲೆ ಇದಕ್ಕೆ ವಿರುದ್ಧ ಕಾಳಜಿ: ಒಂದೇ ಕಡೆ ನಿಲ್ಲಿಸಿದರೆ ಬಣ್ಣ ಸುಟ್ಟು ಕಪ್ಪು ಗೆರೆ ಬೀಳುತ್ತದೆ. ಅರಗು ಎಲ್ಲೂ ಹಿಡಿಯುತ್ತಲೇ ಇಲ್ಲವೆಂದರೆ ಮರದ ಮೇಲೆ ಧೂಳೋ ಬೆವರಿನ ಜಿಡ್ಡೋ ಇದೆ.

ಬಿಸಿ ಆರುವ ಮೊದಲೇ ಒಣಗಿದ ತಾಳೆಗರಿಯ ಪಟ್ಟಿ ಮಡಚಿ, ಲೇತ್ ತಿರುಗುತ್ತಿರುವಾಗ ಅಡ್ಡ ಹಿಡಿದು ತುದಿಯಿಂದ ಹಿಡಿಯ ಕಡೆಗೆ ಸರಿಸಿ. ಗರಿಯನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ. ಏರುಪೇರಾದ ಅರಗು ಅದರಡಿ ಹರಡಿ, ಮಂಕು ಹೋಗಿ, ಗಾಜಿನ ಹೊಳಪು ಬರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಅದರ ನೂಲು ಅರಗಿಗೆ ಅಂಟುತ್ತದೆ.

ಅಕ್ಷರ ಕೊರೆಯುವ ಆಸೆಯಿದ್ದರೆ ಹಿಡಿಯ ಮೇಲೆ ಕೊರೆಯಿರಿ, ಅಲ್ಲಿ ಮರ ದಪ್ಪ. ಮೊದಲ ಬಣ್ಣ ಆರಿದ ಮೇಲೆ ಒಂದು ಮಿ.ಮೀ ಆಳಕ್ಕೆ ಚೂಪು ಚಾಕುವಿನಲ್ಲಿ ಗೀಚಿ, ಬೇರೆ ಬಣ್ಣದ ಅರಗು ತುಂಬಿ, ಹೆಚ್ಚಾದದ್ದನ್ನು ಸ್ಕ್ಯೂನಲ್ಲಿ ತೆಗೆಯಿರಿ. ಕನ್ನಡದ ದುಂಡು ಅಕ್ಷರಗಳು ಓಲೆಯ ಮೇಲೆ ಬೆಳೆದವು, ಮರದ ಎಳೆಗೆ ಅಡ್ಡ ಬಂದಾಗ ಅಂಚು ಕಿತ್ತುಹೋಗುತ್ತದೆ. ಎಳೆಗೆ ಓರೆಯಾದ ನೇರ ಗೆರೆಗಳ ಲಿಪಿಯನ್ನು ನೀವೇ ಕಟ್ಟಿಕೊಳ್ಳುವುದು ಒಳ್ಳೆಯದು. ಬೀಜಾಕ್ಷರಗಳನ್ನು ಜನ ಪೂಜಿಸುತ್ತಾರೆ, ಆಟದ ವಸ್ತುವಿನ ಮೇಲೆ ಅವು ಬೇಡ.

ಎರಡೂ ಕೊನೆಗಳನ್ನು ಪಾರ್ಟಿಂಗ್ ಉಳಿಯಲ್ಲಿ (ತುಂಡರಿಸುವ ಕಿರಿದಾದ ಉಳಿ) 4 ಮಿ.ಮೀವರೆಗೆ ತಂದು, ಲೇತ್ ನಿಲ್ಲಿಸಿ, ಸಣ್ಣ ಗರಗಸದಲ್ಲಿ ಕೊಯ್ಯಿರಿ. ಕೊಯ್ದ ಜಾಗಕ್ಕೆ ಕಾಯಿಸಿದ ಚಮಚದ ಬೆನ್ನಿನಿಂದ ಅರಗು ಸವರಿ.

ದಂಡ ಕೊಡುವಾಗ ಎರಡು ಮಾತು ಹೇಳಿ ಕೊಡಿ. ಸ್ಯಾನಿಟೈಸರ್ ಹಚ್ಚಿದ ಕೈ ಆರುವವರೆಗೆ ಮುಟ್ಟಬಾರದು, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಬೆರಳಚ್ಚು ಹಾಗೇ ಉಳಿಯುತ್ತದೆ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೂ ಇಡಬಾರದು. ಅಲ್ಲಿನ ಬಿಸಿಗೆ ಅರಗು ಮೆತ್ತಗಾಗಿ, ತಾಗಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ.