ಅದೇ ಹತ್ತು ಪಾಯಿಂಟನ್ನು ಎರಡು ಸಲ ಮಾರಿದ್ದು

ಇಪ್ಪತ್ತೆಂಟು ಅನ್ನುವ ಇಸ್ಪೀಟಾಟ ಆಡಿಕೊಂಡು ಬೆಳೆದವನಿಗೆ ಬ್ರಿಜ್ ಇಸ್ಪೀಟಿನ ಹರಾಜಿನಲ್ಲಿ ಸುಮ್ಮನೆ ಕೂರುವುದು ಬಲು ಕಷ್ಟ. ಅಲ್ಲಿ ಗುಲಾಮ, ಒಂಬತ್ತು ಒಟ್ಟಿಗೆ ಬಂದರೆ ಕೂಗು ತಾನಾಗಿ ಬಾಯಿಗೆ ಬರುತ್ತಿತ್ತು. ಮೂವತ್ತು ದಾಟಿದ ಮೇಲೆ ಬ್ಯಾಂಕಿನ ರಿಕ್ರಿಯೇಷನ್ ಕ್ಲಬ್ಬಿನಲ್ಲಿ ಬ್ರಿಜ್ ಕಲಿತೆ. ಚಾಳಿ ಮಾತ್ರ ಹಳೆಯದೇ. ಎಲೆ ಚೆನ್ನಾಗಿದ್ದರೆ ಕೂಗು, ಇಲ್ಲದಿದ್ದರೆ ಪಾಸ್.

ಒಂದು ಸಂಜೆ ಪೇರ್ಸ್ ಆಟ, ಎರಡೂ ಕಡೆಯವರು ನಾನ್-ವಲ್ನರಬಲ್, ಅಂದರೆ ಸೋತರೆ ದಂಡ ಕಡಿಮೆ. ಎಡಗಡೆಯವರು 1 ಹಾರ್ಟ್ ಅಂದರು (ಹಾರ್ಟ್ ತುರುಪಾಗಿ ಆರರ ಮೇಲೆ ಒಂದು, ಅಂದರೆ 7 ಸುತ್ತು ಅಥವಾ ಟ್ರಿಕ್ ಗೆಲ್ಲುವ ಕೂಗು), ನನ್ನ ಪಾರ್ಟ್ನರ್ 1 ಸ್ಪೇಡ್, ಬಲಗಡೆಯವರು 2 ಹಾರ್ಟ್. ನನ್ನ ಕೈ ಹೀಗಿತ್ತು: ಸ್ಪೇಡ್‌ನಲ್ಲಿ ಎಕ್ಕ, 8, 5; ಹಾರ್ಟ್‌ನಲ್ಲಿ ರಾಣಿ, 9, 4; ಡೈಮಂಡ್‌ನಲ್ಲಿ ರಾಜ, ಗುಲಾಮ, 7, 3; ಕ್ಲಬ್‌ನಲ್ಲಿ 10, 6, 2. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1ರಂತೆ ಹತ್ತು ಪಾಯಿಂಟು. 2 ಸ್ಪೇಡ್ ಕೂಗಿದೆ, ಅಲ್ಲಿಗೆ ಸರಿ. ಎಡಗಡೆಯವರು 3 ಹಾರ್ಟ್‌ಗೆ ಹೋದರು. ಪಾಸ್, ಪಾಸ್, ಮತ್ತೆ ನನ್ನ ಸರದಿ. ಹತ್ತು ಪಾಯಿಂಟು ಇಟ್ಟುಕೊಂಡು ಸೋಲುವುದೇ ಅನ್ನಿಸಿ 3 ಸ್ಪೇಡ್ ಇಟ್ಟೆ. ಕೂಗಿದ್ದಕ್ಕಿಂತ ಒಂದು ಟ್ರಿಕ್ ಕಡಿಮೆ, ಅಂದರೆ ಒಂದು ಡೌನ್, ಮೈನಸ್ 50. ಆಟ ಮುಗಿದು ನಾಲ್ಕೂ ಕೈ ಬಿಡಿಸಿ ನೋಡಿದರೆ ಅವರ 3 ಹಾರ್ಟ್ ಕೂಡ ಒಂದು ಡೌನೇ. ಪಾಸ್ ಅಂದಿದ್ದರೆ 50 ನಮಗೇ ಬರುತ್ತಿತ್ತು. ಅದೇ ಎಲೆಗಳನ್ನು ಬೇರೆ ಟೇಬಲ್ಲುಗಳಲ್ಲೂ ಆಡಿ ಹೋಲಿಸುವ ಪೇರ್ಸ್‌ನಲ್ಲಿ ಅಷ್ಟು ಸಾಕು, ಆ ಕೈಯ ಅಂಕ ನೆಲ ಕಚ್ಚಿತು.

ಪಾರ್ಟ್ನರ್ ನನಗಿಂತ ಹದಿನೈದು ವರ್ಷ ದೊಡ್ಡವರು. ಸ್ಕೋರ್ ಬರೆಯುತ್ತಲೇ ಕೇಳಿದರು, "ಏನ್ರೀ, ಅದೇ ಹತ್ತು ಪಾಯಿಂಟನ್ನ ಎಷ್ಟು ಸಲ ಮಾರ್ತೀರ?" ನಿಜ. 2 ಸ್ಪೇಡ್ ಅಂದಾಗಲೇ ಅದು ಮಾರಾಟವಾಗಿತ್ತು. ಎರಡನೇ ಸಲ ಕೂಗಲು ನನ್ನ ಹತ್ತಿರ ಹೊಸದೇನೂ ಇರಲಿಲ್ಲ.

ಆಮೇಲೆ ಅವರೇ ಎಣಿಸುವುದನ್ನು ಹೇಳಿಕೊಟ್ಟರು. ಫ್ರಾನ್ಸಿನ ಜ್ಯಾಂ ರೆನೆ ವೆರ್ನ್ 1969ರಲ್ಲಿ ಬರೆದು ತೋರಿಸಿದ ಲೆಕ್ಕವಿದು: ನಮ್ಮ ತುರುಪು ನಮ್ಮಿಬ್ಬರಲ್ಲಿ ಎಷ್ಟು, ಅವರ ತುರುಪು ಅವರಿಬ್ಬರಲ್ಲಿ ಎಷ್ಟು, ಎರಡನ್ನೂ ಕೂಡಿಸಿದರೆ ಎರಡೂ ಕಡೆ ಸಿಗುವ ಟ್ರಿಕ್‌ಗಳ ಮೊತ್ತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನನ್ನ ಕೈಗೆ ಹಚ್ಚಿ ನೋಡಿ. ನನ್ನ 3, ಪಾರ್ಟ್ನರ್ ಹತ್ತಿರ 5 ಸೇರಿ ನಮಗೆ 8 ಸ್ಪೇಡ್, ಅವರಿಗೆ 8 ಹಾರ್ಟ್, ಒಟ್ಟು 16. ಅವರಿಗೆ 8 ಟ್ರಿಕ್ ಅಂದರೆ ನಮಗೂ 8. ಮೂರರ ಮಟ್ಟಕ್ಕೆ 9 ಬೇಕು. ಯಾರು ಕೂಗಿದರೂ ಡೌನ್. ಪಾರ್ಟ್ನರ್ ಹತ್ತಿರ ಇನ್ನೊಂದು ಸ್ಪೇಡ್ ಇದ್ದು ಮೊತ್ತ 17 ಆಗಿದ್ದರೆ ಕಥೆಯೇ ಬೇರೆ. ಅವರಿಗೆ 9, ನಮಗೆ 8 ಆದರೆ 140 ಕೊಡುವ ಬದಲು 50 ಕೊಡುತ್ತೇವೆ. ಅವರಿಗೆ 8, ನಮಗೆ 9 ಆದರೆ 50ರ ಬದಲು 140 ಬರುತ್ತದೆ. ಎರಡೂ ದಾರಿಯಲ್ಲಿ 90 ಲಾಭ. ಟ್ರಿಕ್ ಒಂದು ಆಚೀಚೆ ಆಗುವುದುಂಟು. ಅವರ ಬಣ್ಣದಲ್ಲಿ ನನಗಿದ್ದ ಆ ಹಾರ್ಟ್ ರಾಣಿಯಂಥ ಎಲೆ ನಾವು ಆಡುವಾಗ ಕಸ, ಅವರನ್ನು ತಡೆಯುವಾಗ ಕೆಲಸಕ್ಕೆ ಬಂದೀತು. ಅಂಥದ್ದು ಕಂಡರೆ ಈಗ ನನ್ನ ಕೈ ಪಾಸ್ ಕಡೆಗೇ ವಾಲುತ್ತದೆ. ನಾವು ವಲ್ನರಬಲ್ ಆಗಿದ್ದರೆ ಇನ್ನೂ ಜಾಸ್ತಿ. ಎದುರಾಳಿಗಳು ಪಣ ಹೆಚ್ಚಿಸಿ ಡಬಲ್ ಕೂಗಿದರೆ ಒಂದೇ ಡೌನ್‌ಗೆ 200 ಹೋಗುತ್ತದೆ.

ಹಾಗಂತ ಎಲ್ಲಕ್ಕೂ ಬಾಯಿ ಮುಚ್ಚಿಕೊಳ್ಳುವುದಿಲ್ಲ. ಅವರು ಹೊಂದಿಕೆಯಾದ ಬಣ್ಣದಲ್ಲಿ ಎರಡರಲ್ಲೇ ನಿಂತು, ನನ್ನ ಪಾಸ್‌ಗೆ ಹರಾಜು ಮುಗಿಯುವಂತಿದ್ದರೆ, ಎಂಟು ಪಾಯಿಂಟ್ ಇದ್ದರೂ ಕೂಗುತ್ತೇನೆ. ಅವರು ನಿಂತದ್ದೇ ಉಳಿದ ಪಾಯಿಂಟು ಪಾರ್ಟ್ನರ್ ಹತ್ತಿರ ಇದೆ ಅನ್ನುವುದಕ್ಕೆ ಸಾಕ್ಷಿ.

ಎಣಿಕೆ ಬಂದಮೇಲೂ ಒಂದು ಏಟು ಬಾಕಿಯಿತ್ತು. ಬಲಗಡೆಯವರು ನನ್ನ ಪಾರ್ಟ್ನರ್ ಕೂಗಿದ 1 ಸ್ಪೇಡ್ ಮೇಲೆ ಸೀದಾ 4 ಹಾರ್ಟ್‌ಗೆ ನೆಗೆದರು. ಅಂಥ ನೆಗೆತವಾದಾಗ ಹತ್ತು ಸೆಕೆಂಡ್ ತಡೆಯುವುದು ನಮ್ಮಲ್ಲಿ ರೂಢಿ. ನಾನು ನಿಮಿಷವೇ ತೆಗೆದುಕೊಂಡೆ. ಬೆರಳು ಬಿಡ್ಡಿಂಗ್ ಬಾಕ್ಸಿನ (ಕೂಗುವ ಬದಲು ತೆಗೆದಿಡುವ ಕಾರ್ಡುಗಳ ಪೆಟ್ಟಿಗೆ) ಹಸಿರು ಪಾಸ್ ಕಾರ್ಡಿನ ಮೇಲೆ ಹೋಗಿ, 4 ಸ್ಪೇಡ್ ಕಡೆ ಬಂದು, ಮತ್ತೆ ಹಸಿರಿಗೆ. ಕೊನೆಗೆ ಪಾಸ್. ಪಾರ್ಟ್ನರ್ 4 ಸ್ಪೇಡ್ ಕೂಗಿದರು, ಡಬಲ್ ಆಗಿ ಒಂದು ಡೌನ್, ಮೈನಸ್ 100. ಎದುರಾಳಿಗಳು ಆಟದ ತೀರ್ಪುಗಾರರಾದ ಡೈರೆಕ್ಟರನ್ನು ಕರೆದರು. ನನ್ನ ತಡವರಿಕೆಯೇ ಪಾರ್ಟ್ನರ್‌ಗೆ ಸುಳಿವು ಕೊಟ್ಟಿತು, ಅವರು ಪಾಸ್ ಮಾಡಬಹುದಾಗಿದ್ದ ಕೈ ಅದು ಎಂದು ಹೇಳಿ ಡೈರೆಕ್ಟರ್ ಸ್ಕೋರನ್ನು 4 ಹಾರ್ಟ್ ಗೆದ್ದ 420ಕ್ಕೆ ತಿದ್ದಿದರು. ಕೋಪ ಬಂತು, ಆದರೆ ತೀರ್ಪು ಸರಿಯೇ ಇತ್ತು. ನಿಧಾನದ ಪಾಸ್ ಅನ್ನುವುದು ಅರ್ಧ ಬಿಡ್ಡು. ಈಗ ಎದುರಾಳಿ ಯೋಚಿಸುವಾಗಲೇ ಎಣಿಸಿಟ್ಟುಕೊಳ್ಳುತ್ತೇನೆ: ಮೂರಕ್ಕೆ ಹೋದರೆ ಏನು, ನಾಲ್ಕಕ್ಕೆ ಹೋದರೆ ಏನು. ಸರದಿ ಬರುವ ಹೊತ್ತಿಗೆ ಉತ್ತರ ಸಿದ್ಧವಿರುತ್ತದೆ.

ಹೋದ ತಿಂಗಳು ಮತ್ತೆ ಅದೇ ಹರಾಜು ಬಂತು. 1 ಹಾರ್ಟ್, 1 ಸ್ಪೇಡ್, 2 ಹಾರ್ಟ್, ನನ್ನ 2 ಸ್ಪೇಡ್, 3 ಹಾರ್ಟ್, ಪಾಸ್, ಪಾಸ್. ಮೂರೇ ಸ್ಪೇಡ್ ಇಟ್ಟುಕೊಂಡು ನಾನೂ ತಡಮಾಡದೆ ಪಾಸ್ ಇಟ್ಟೆ. ಆರನೆಯ ಸ್ಪೇಡ್ ಇದ್ದರೆ ಕೂಗುವ ಹೊಣೆ ಪಾರ್ಟ್ನರ್‌ದು ತಾನೆ? 3 ಹಾರ್ಟ್ ಗೆದ್ದರು, ಮೈನಸ್ 140. ಎಲೆ ಬಿಡಿಸಿದರೆ ಪಾರ್ಟ್ನರ್ ಮುಂದೆ ಆರು ಸ್ಪೇಡ್.

"ಸರ್, ಆರಿತ್ತಲ್ಲ?" ಅಂದೆ.

ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು. "ಒಂದನ್ನ ಕ್ಲಬ್ ಜೊತೆ ಜೋಡಿಸಿಟ್ಟಿದ್ದೆ ಕಣ್ರೀ. ಎರಡೂ ಕಪ್ಪು."