ಆಳಸಾಗರದ ತಳ ಅಳೆಯುವಾಗ: ಮಲ್ಟಿಬೀಮ್ ಸರ್ವೆಯ ಅನುಭವ

ಮಲ್ಟಿಬೀಮ್ ಸೋನಾರ್ ಎಂದರೆ ಹಡಗಿನ ಅಡಿಯಿಂದ ಸದ್ದನ್ನು ಬೀಸಣಿಗೆಯಂತೆ ಹರಡಿ, ಹಲವು ಸಪೂರ ಬೀಮ್‌ಗಳಲ್ಲಿ (ಒಂದೊಂದು ಕೋನದ ಎಳೆಗಳಲ್ಲಿ) ಕೇಳಿಸಿಕೊಳ್ಳುವ ಯಂತ್ರ. ಅದು ಅಳೆದುಕೊಡುವುದು ಎರಡೇ ಸಂಗತಿ: ಸದ್ದು ತಳಕ್ಕೆ ಹೋಗಿ ಬರಲು ಹಿಡಿದ ಸಮಯ ಮತ್ತು ಅದು ವಾಪಸ್ ಬಂದ ಕೋನ. ಆಳ ಎಂಬುದು ಆಮೇಲೆ ಲೆಕ್ಕ ಹಾಕಿ ತೆಗೆದ ಸಂಖ್ಯೆ. ಆ ಲೆಕ್ಕದಲ್ಲಿ ನೀರಿನೊಳಗಿನ ಶಬ್ದವೇಗ, ಹಡಗಿನ ಓಲಾಟ, ಯಂತ್ರ ಕೂರಿಸಿದ ಕೋನ ಎಲ್ಲವೂ ಬೆರೆತಿರುತ್ತವೆ. ಸೋನಾರ್ ಎಷ್ಟೇ ದುಬಾರಿಯದಾಗಿರಲಿ, ಶಬ್ದವೇಗ ಮತ್ತು ಕೋನ ಕೈಯಲ್ಲಿಲ್ಲದಿದ್ದರೆ ನಕ್ಷೆಯ ಅಂಚುಗಳು ಸುಳ್ಳು ಹೇಳುತ್ತವೆ. ಹಾಗಾಗಿ ಸರ್ವೆಯಲ್ಲಿ ನನ್ನ ಹೆಚ್ಚಿನ ಸಮಯ ಹೋಗುವುದು ಇವೆರಡನ್ನು ಕಾಯುವುದರಲ್ಲೇ.

ಪೂರ್ತಿ ಸಾಗರದ ಆಳಕ್ಕೆ ಬೇಕಾದ ಸೋನಾರ್ 12 ಕಿಲೋಹರ್ಟ್ಸ್‌ನದು. ಈ ಆವರ್ತನದಲ್ಲಿ ನೀರು ಹೀರಿಕೊಳ್ಳುವ ಶಕ್ತಿ ಕಿಲೋಮೀಟರಿಗೆ ಸುಮಾರು 1 ಡೆಸಿಬೆಲ್ ಮಾತ್ರ. 100 ಕಿಲೋಹರ್ಟ್ಸ್‌ನಲ್ಲಿ ಅದು 30 ದಾಟುತ್ತದೆ, ಸದ್ದು ತಳ ಮುಟ್ಟಿ ಬರುವ ಮಾತೇ ಇಲ್ಲ. ಆದರೆ ಆವರ್ತನ ತಗ್ಗಿಸಿದರೆ ತರಂಗ ಉದ್ದವಾಗುತ್ತದೆ, ಅಂದರೆ ಸುಮಾರು 12.5 ಸೆಂಟಿಮೀಟರ್. ಅದರಿಂದ 1 ಡಿಗ್ರಿಯಷ್ಟು ಸಪೂರ ಬೀಮ್ ಮಾಡಬೇಕಾದರೆ ಹಡಗಿನ ತಳದಲ್ಲಿ 8 ಮೀಟರ್ ಆಸುಪಾಸಿನ ಉದ್ದದ ಟ್ರಾನ್ಸ್‌ಡ್ಯೂಸರ್ (ಸದ್ದು ಕಳಿಸುವ, ಕೇಳುವ ಸಾಧನ) ಸಾಲು ಬೇಕು. ಹಡಗಿನ ಉದ್ದಕ್ಕೆ ಕೂರಿಸಿದ ಸಾಲು ಸದ್ದು ಕಳಿಸುತ್ತದೆ, ಅಡ್ಡಕ್ಕೆ ಕೂರಿಸಿದ ಸಾಲು ಕೇಳಿಸಿಕೊಳ್ಳುತ್ತದೆ. ಎರಡರ ಪಟ್ಟಿಗಳು ಅಡ್ಡಹಾಯುವ ಒಂದೊಂದು ಚೌಕದಿಂದ ಒಂದೊಂದು ಆಳ ಸಿಗುತ್ತದೆ. 4000 ಮೀಟರ್ ಆಳದಲ್ಲಿ 1 ಡಿಗ್ರಿ ಬೀಮ್ ನೇರ ಕೆಳಗೆ ತಳದ ಮೇಲೆ ಸುಮಾರು 70 ಮೀಟರ್ ಅಗಲ ಹರಡುತ್ತದೆ. ಅಂಚಿಗೆ ಹೋದಂತೆ ಇನ್ನೂ ದೊಡ್ಡದಾಗುತ್ತದೆ. ಈ 70ನ್ನು ನೆನಪಿನಲ್ಲಿಟ್ಟುಕೊಳ್ಳಿ, ಗ್ರಿಡ್ ಮಾಡುವಾಗ, ಅಂದರೆ ಆಳಗಳನ್ನು ಸಮ ಚೌಕಗಳ ನಕ್ಷೆಯಾಗಿಸುವಾಗ, ಬೇಕಾಗುತ್ತದೆ.

ಲೈನ್ (ಹಡಗು ಓಡಬೇಕಾದ ಗೆರೆ) ಹಾಕುವ ಮೊದಲು ಉಪಗ್ರಹದ ಆಲ್ಟಿಮೀಟರ್ (ಸಮುದ್ರದ ಮೇಲ್ಮೈ ಎತ್ತರ ಅಳೆಯುವ ಸಾಧನ) ಮಾಹಿತಿಯಿಂದ ಅಂದಾಜು ಮಾಡಿದ ಆಳದ ನಕ್ಷೆ ಮುಂದಿಟ್ಟುಕೊಳ್ಳುತ್ತೇನೆ. ಅದರಲ್ಲಿ ಕೆಲವು ಕಿಲೋಮೀಟರಿಗಿಂತ ಚಿಕ್ಕ ಆಕಾರಗಳು ಕಾಣುವುದಿಲ್ಲ, ಆದರೂ ಇಳಿಜಾರು ಯಾವ ಕಡೆಗೆ ಎನ್ನುವುದು ತಿಳಿಯುತ್ತದೆ. ಲೈನ್‌ಗಳನ್ನು ಸಮಾನ ಆಳದ ಗೆರೆಗಳ ಗುಂಟವೇ ಓಡಿಸಬೇಕು. ಇಳಿಜಾರು ಹತ್ತಿ ಇಳಿದರೆ ಸೋನಾರ್ ಅಳೆಯುವ ತಳದ ಪಟ್ಟಿಯ ಅಗಲ ಒಂದು ತುದಿಯಲ್ಲಿ ಹಿಗ್ಗಿ ಇನ್ನೊಂದರಲ್ಲಿ ಕುಗ್ಗುತ್ತದೆ, ನಡುವೆ ಖಾಲಿ ಬೀಳುತ್ತದೆ. ಎರಡು ಲೈನ್‌ಗಳ ಅಂತರ ನಿರ್ಧರಿಸುವುದು ಅವುಗಳ ನಡುವಿನ ಅತಿ ಕಡಿಮೆ ಆಳ, ಸರಾಸರಿಯಲ್ಲ.

ಲೆಕ್ಕ ಹೀಗೆ: 4000 ಮೀಟರ್ ಆಳದಲ್ಲಿ ಎರಡೂ ಬದಿಗೆ 60 ಡಿಗ್ರಿ ತೆರೆದರೆ ಪಟ್ಟಿ ಹೆಚ್ಚುಕಡಿಮೆ 13.8 ಕಿಲೋಮೀಟರ್ ಅಗಲ. 20 ಶೇಕಡಾ ಅತಿವ್ಯಾಪ್ತಿ ಬಿಟ್ಟರೆ ಲೈನ್ ಅಂತರ 11 ಕಿಲೋಮೀಟರ್. 8 ನಾಟ್ ವೇಗದಲ್ಲಿ ದಿನಕ್ಕೆ 355 ಕಿಲೋಮೀಟರ್ ಓಡಿದರೆ 3900 ಚದರ ಕಿಲೋಮೀಟರ್ ಸಿಗಬೇಕು. ತಿರುವು, ಸಿಟಿಡಿ (ನೀರಿನ ಉಷ್ಣತೆ, ಲವಣಾಂಶ, ಆಳ ಅಳೆಯಲು ಇಳಿಸುವ ಉಪಕರಣ), ಕೆಟ್ಟ ಹವೆಗೆ ಹೋಗುವ ಸಮಯ ಕಳೆದರೆ ಅಷ್ಟು ಸಿಗದು. ನೇರ ಕೆಳಗಿನ ಸದ್ದು 5.3 ಸೆಕೆಂಡಿನಲ್ಲಿ ಬಂದರೆ, 60 ಡಿಗ್ರಿಯದು 10.7 ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಹಡಗು 44 ಮೀಟರ್ ಮುಂದೆ ಹೋಗಿರುತ್ತದೆ. 70 ಮೀಟರಿನ ಹರವಿಗೆ ಅದು ಸಾಕು, ನಡುವೆ ಬಿರುಕು ಬೀಳದು. ಆಳವಿಲ್ಲದ ಕಡೆ ಇದೇ ಲೆಕ್ಕ ಮತ್ತೆ ಮಾಡಿ ವೇಗ ನೋಡಿಕೊಳ್ಳಬೇಕು.

ಇನ್ನು ಪ್ಯಾಚ್ ಟೆಸ್ಟ್. ಯಂತ್ರ ಮತ್ತು ಚಲನೆ ಅಳೆಯುವ ಸೆನ್ಸರ್ ನಡುವೆ ಉಳಿದಿರುವ ಕೋನದ ವ್ಯತ್ಯಾಸ ಕಂಡುಹಿಡಿಯುವ ಪರೀಕ್ಷೆ ಇದು. ಡ್ರೈ ಡಾಕ್‌ನಲ್ಲಿ ಅಳೆದ ಸಂಖ್ಯೆ ಇದೆಯಲ್ಲ ಎಂದು ಇದನ್ನು ಬಿಡುವವರಿದ್ದಾರೆ, ನಾನು ಬಿಡುವುದಿಲ್ಲ. ಪಿಚ್‌ಗೆ (ಮುಂದೆ-ಹಿಂದೆ ವಾಲುವ ಕೋನಕ್ಕೆ) ಕಡಿದಾದ ಇಳಿಜಾರು ಬೇಕು: ಒಂದೇ ಲೈನ್ ಮೇಲೆ ಹೋಗಿ, ಅದೇ ವೇಗದಲ್ಲಿ ತಿರುಗಿ ಬರಬೇಕು. 2000 ಮೀಟರ್ ಆಳದಲ್ಲಿ ಅರ್ಧ ಡಿಗ್ರಿ ಪಿಚ್ ತಪ್ಪಿದ್ದರೆ ಇಳಿಜಾರು ಒಂದೊಂದು ಓಟದಲ್ಲಿ 17 ಮೀಟರ್ ಸರಿದು ಕಾಣುತ್ತದೆ, ಎರಡರ ನಡುವೆ ಒಟ್ಟು 35. ಬೀಮ್ ಹರವೇ ಅಷ್ಟಿರುವುದರಿಂದ ಮೆತ್ತನೆಯ ಇಳಿಜಾರಿನಲ್ಲಿ ಇದು ಕಣ್ಣಿಗೆ ಬೀಳದು. ರೋಲ್‌ಗೆ (ಪಕ್ಕಕ್ಕೆ ವಾಲುವ ಕೋನಕ್ಕೆ) ಸಪಾಟು ತಳ ಬೇಕು, ಇಲ್ಲಿಯೂ ಹೋಗಿ ಬರುವ ಓಟ. ಹೆಡಿಂಗ್‌ಗೆ (ಮೂತಿ ತಿರುಗಿದ ದಿಕ್ಕಿಗೆ) ಒಂದು ಸಾಗರಗುಡ್ಡದ ಎರಡು ಬದಿಯಲ್ಲಿ ಸಮಾನಾಂತರ ಲೈನ್, ಎರಡೂ ಒಂದೇ ದಿಕ್ಕಿಗೆ, ಅಂಚಿನ ಬೀಮ್‌ಗಳು ಗುಡ್ಡದ ಮೇಲೆ ಕೂಡುವಂತೆ.

ನಾನು ಹೆಚ್ಚು ತಲೆಕೆಡಿಸಿಕೊಳ್ಳುವುದು ರೋಲ್ ಬಗ್ಗೆ. 4000 ಮೀಟರ್ ಆಳದಲ್ಲಿ, 60 ಡಿಗ್ರಿ ಬೀಮ್‌ಗೆ 0.1 ಡಿಗ್ರಿ ರೋಲ್ ತಪ್ಪಿದರೆ ಆಳದಲ್ಲಿ 12 ಮೀಟರ್ ದೋಷ. ಒಂದು ಅಂಚು 12 ಮೀಟರ್ ಏರಿ ಇನ್ನೊಂದು 12 ಇಳಿಯುತ್ತದೆ. ವಿರುದ್ಧ ದಿಕ್ಕಿನ ಲೈನ್ ಅದರ ಮೇಲೆ ಬಂದಾಗ ಅಂಚಿನಲ್ಲಿ 24 ಮೀಟರ್ ಮೆಟ್ಟಿಲು ಬೀಳುತ್ತದೆ, ಅದನ್ನು ಭೂವಿಜ್ಞಾನಿ ಸ್ತರಭಂಗ ಎಂದು ಓದಿಬಿಟ್ಟರೆ ಆಶ್ಚರ್ಯವಿಲ್ಲ.

ಶಬ್ದವೇಗಕ್ಕೆ ಬರೋಣ. ಉಷ್ಣವಲಯದಲ್ಲಿ ಮೇಲ್ಮೈ ಬೆಚ್ಚಗಿರುವುದರಿಂದ ವೇಗ ಸೆಕೆಂಡಿಗೆ 1540 ಮೀಟರ್ ಸುಮಾರು. ನೀರು ತಣ್ಣಗಾಗುತ್ತ ಹೋಗಿ 1000 ಮೀಟರ್ ದಾಟುವ ಹೊತ್ತಿಗೆ 1490ರ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಉಷ್ಣತೆ ಹೆಚ್ಚು ಬದಲಾಗದೆ ಒತ್ತಡವೇ ಮೇಲಾಗಿ, ಪ್ರತಿ 100 ಮೀಟರಿಗೆ ಸುಮಾರು 1.7ರಂತೆ ಏರಿ 4000ಕ್ಕೆ 1520 ದಾಟುತ್ತದೆ. ಓರೆಯಾಗಿ ಹೋಗುವ ಬೀಮ್ ಈ ಪದರಗಳಲ್ಲಿ ಬಾಗುತ್ತ ಹೋಗುತ್ತದೆ. ನೇರ ಕೆಳಗಿನದು ಬಾಗುವುದಿಲ್ಲ. ಅದಕ್ಕೇ ಶಬ್ದವೇಗದ ತಪ್ಪು ನಡುವೆ ಕಾಣದೆ ಅಂಚಿನಲ್ಲಿ ಕಾಣುತ್ತದೆ: ಸಪಾಟು ತಳ ಎರಡೂ ಕಡೆ ಒಂದೇ ಸಮ ಮೇಲೆದ್ದು ಬೋಗುಣಿಯಂತೆ ಕಾಣುತ್ತದೆ, ಇಲ್ಲವೆ ಎರಡೂ ಕಡೆ ಬಗ್ಗಿ ದಿಬ್ಬವಾಗುತ್ತದೆ. ಎರಡು ಅಂಚೂ ಒಂದೇ ದಿಕ್ಕಿಗೆ ಬಾಗಿದರೆ ಶಬ್ದವೇಗ, ಒಂದು ಏರಿ ಇನ್ನೊಂದು ಇಳಿದರೆ ರೋಲ್. ವಾಚ್‌ಗೆ (ಪಾಳಿಗೆ) ಹೊಸಬರು ಬಂದಾಗ ನಾನು ಮೊದಲು ಹೇಳಿಕೊಡುವುದೇ ಇದನ್ನು.

ಕೆಲಸದ ಆರಂಭದಲ್ಲಿ ಒಂದು ಪೂರ್ತಿ ಆಳದ ಸಿಟಿಡಿ ಇಳಿಸುತ್ತೇವೆ. ಮೊದಲು 10 ಮೀಟರಿನಲ್ಲಿ ನಿಲ್ಲಿಸಿ, ಪಂಪ್ ಶುರುವಾಗಿ ಸೆನ್ಸರ್ ನೀರಿನ ಉಷ್ಣತೆಗೆ ಹೊಂದಿಕೊಂಡ ಮೇಲೆ ಮೇಲ್ಮೈ ತನಕ ಎತ್ತಿ, ಆಮೇಲೆ ನಿಮಿಷಕ್ಕೆ 60 ಮೀಟರಿನಂತೆ ವಿಂಚ್ ಬಿಡುವುದು. 4000 ಮೀಟರಿಗೆ ಇಳಿಸಿ ಎತ್ತಲು ಎರಡೂವರೆ ಗಂಟೆ ಹೋಗುತ್ತದೆ, ಆ ಹೊತ್ತು ಹಡಗು ನಿಂತೇ ಇರಬೇಕು. ಹಾಗಾಗಿ ನಡುನಡುವೆ ಓಡುತ್ತಲೇ ಎಕ್ಸ್‌ಬಿಟಿ ಎಂಬ, ಒಮ್ಮೆ ಮಾತ್ರ ಬಳಸುವ ಉಷ್ಣತಾಮಾಪಕ ಎಸೆಯುತ್ತೇವೆ. ಅದರ ಟಿ-7 ಮಾದರಿಯ ಪ್ರೋಬ್ 760 ಮೀಟರ್ ತನಕ ಹೋಗುತ್ತದೆ, 15 ನಾಟ್ ವೇಗದಲ್ಲೂ ಎಸೆಯಬಹುದು. ಟಿ-5 1830 ಮೀಟರ್ ಹೋಗುತ್ತದೆ, ಆದರೆ ಹಡಗು 6 ನಾಟ್‌ಗೆ ಇಳಿಯಬೇಕು. ಎಕ್ಸ್‌ಬಿಟಿ ಅಳೆಯುವುದು ಉಷ್ಣತೆಯನ್ನು ಮಾತ್ರ. ಆಳವನ್ನು ಅದು ಬೀಳುವ ಸಮಯದಿಂದ ಲೆಕ್ಕ ಹಾಕಲಾಗುತ್ತದೆ. ಲವಣಾಂಶವನ್ನು ಸಿಟಿಡಿಯಿಂದ ಎರವಲು ಪಡೆದು, ಪ್ರೋಬ್ ತಲುಪದ ಕೆಳಭಾಗಕ್ಕೂ ಸಿಟಿಡಿಯನ್ನೇ ಜೋಡಿಸಬೇಕು. ಜೋಡಣೆಯಲ್ಲಿ ಮೆಟ್ಟಿಲು ಉಳಿಯದಂತೆ ನೋಡಿಕೊಳ್ಳಿ. ಉಳಿದರೆ, ನೀರಿನಲ್ಲಿ ನಿಜವಾಗಿ ಇಲ್ಲದ ಪದರವೊಂದರಲ್ಲಿ ಬೀಮ್ ಬಾಗಿದಂತೆ ಲೆಕ್ಕವಾಗಿಬಿಡುತ್ತದೆ.

ಎಕ್ಸ್‌ಬಿಟಿ ಹಾಳಾಗುವುದು ಹೆಚ್ಚಾಗಿ ತಂತಿಯಿಂದ. ಕೂದಲಿನಷ್ಟು ತೆಳುವಾದ ತಾಮ್ರದ ತಂತಿ ಪ್ರೋಬ್‌ನಿಂದಲೂ ಲಾಂಚರ್‌ನಿಂದಲೂ ಒಟ್ಟಿಗೆ ಬಿಚ್ಚಿಕೊಳ್ಳುತ್ತದೆ. ಗಾಳಿಗೆ ತೂರಿ ಹಡಗಿನ ಮೈಗೆ ಉಜ್ಜಿದರೆ ಮೇಲಿನ ಕವಚ ಹೋಗಿ ಗ್ರಾಫ್‌ನಲ್ಲಿ ಮುಳ್ಳುಗಳೇಳುತ್ತವೆ. ಗಾಳಿ ಬೀಸುವ ಬದಿ ಬಿಟ್ಟು ಹಿಂಭಾಗದ ಮರೆಯ ಕಡೆಯಿಂದ, ಕೈ ಹೊರಕ್ಕೆ ಚಾಚಿ ಬಿಡಬೇಕು. ಸೆನ್ಸರ್ ಹೊಂದಿಕೊಳ್ಳುವ ಮುಂಚಿನ ಮೊದಲ 4 ಮೀಟರಿನ ಮಾಹಿತಿ ತೆಗೆದುಹಾಕುತ್ತೇನೆ. ಪ್ರೊಫೈಲ್ (ಯಾವ ಆಳಕ್ಕೆ ಎಷ್ಟು ಶಬ್ದವೇಗ ಎಂಬ ಕೋಷ್ಟಕ) ಯಾವಾಗ ಬದಲಿಸಬೇಕು ಎನ್ನುವುದಕ್ಕೆ ಗಡಿಯಾರ ನಂಬಬೇಡಿ. ಟ್ರಾನ್ಸ್‌ಡ್ಯೂಸರ್ ಪಕ್ಕದ ಮೇಲ್ಮೈ ಸೆನ್ಸರ್ ತೋರಿಸುವ ವೇಗಕ್ಕೂ ಪ್ರೊಫೈಲ್‌ನಲ್ಲಿ ಅದೇ ಆಳದ ವೇಗಕ್ಕೂ ಸೆಕೆಂಡಿಗೆ 2 ಮೀಟರಿನಷ್ಟು ವ್ಯತ್ಯಾಸ ಬಂದರೆ ಹೊಸದು ಎಸೆಯುವ ಹೊತ್ತಾಯಿತು ಎಂದೇ ಲೆಕ್ಕ.

ಅಲೆ ಎದ್ದಾಗ ಇನ್ನೊಂದು ಕಾಟ, ಗುಳ್ಳೆಗಳದು. ಹಡಗಿನ ಮೂತಿ ಅಲೆಗೆ ಬಡಿದಾಗ ಗಾಳಿಗುಳ್ಳೆಗಳು ಅಡಿಯಿಂದ ಹಾದು ಟ್ರಾನ್ಸ್‌ಡ್ಯೂಸರ್ ಮುಚ್ಚುತ್ತವೆ, ಪಿಂಗ್‌ಗಳು (ಒಂದೊಂದು ಸಲ ಕಳಿಸುವ ಸದ್ದು) ಸಾಲುಸಾಲಾಗಿ ಖಾಲಿ ಹೋಗುತ್ತವೆ. ಪವರ್ ಹೆಚ್ಚಿಸಿ ಪ್ರಯೋಜನವಿಲ್ಲ. ವೇಗ ಇಳಿಸಬೇಕು, ಅದೂ ಸಾಲದಿದ್ದರೆ ಅಲೆ ಹಿಂದಿನಿಂದ ಬರುವಂತೆ ಲೈನ್ ದಿಕ್ಕು ತಿರುಗಿಸಬೇಕು. ಹಡಗಿನ ಬೇರೆ ಸೋನಾರ್‌ಗಳೂ ಅಡ್ಡಿ ಮಾಡುತ್ತವೆ. 12 ಕಿಲೋಹರ್ಟ್ಸ್‌ನ ಸಿಂಗಲ್ ಬೀಮ್ ಎಕೋಸೌಂಡರನ್ನಂತೂ ಆರಿಸಲೇಬೇಕು.

ಸುಳ್ಳುತಳದ ವಿಷಯ ಹಳೆಯದು. ಹಗಲು ಕೆಲವು ನೂರು ಮೀಟರ್ ಆಳದಲ್ಲಿ ಸಣ್ಣ ಮೀನು, ಸಿಗಡಿ, ಜೆಲ್ಲಿಗಳ ದಟ್ಟ ಪದರ ಇರುತ್ತದೆ. ಸಂಜೆ ಅದು ಮೇಲೇಳುತ್ತದೆ. ಹಳೆಯ ನಕ್ಷೆಗಳಲ್ಲಿ ಇಲ್ಲದ ದಿಬ್ಬಗಳು ಸೇರಿಕೊಳ್ಳಲು ಈ ಪದರವೂ ಕಾರಣ. ಇಂದಿಗೂ ತಳದ ಪ್ರತಿಧ್ವನಿ ಕ್ಷೀಣಿಸಿದಾಗ ಸೋನಾರ್ ಈ ಪದರವನ್ನೇ ತಳವೆಂದು ಹಿಡಿದುಬಿಡಬಹುದು. ಕನಿಷ್ಠ ಮತ್ತು ಗರಿಷ್ಠ ಆಳದ ಮಿತಿ ಹಾಕಿಟ್ಟರೆ ತಪ್ಪುತ್ತದೆ, ಆದರೆ ಮಿತಿಯನ್ನು ತೀರಾ ಬಿಗಿ ಮಾಡಿ ಮುಂದೆ ಬರುವ ನಿಜವಾದ ಗುಡ್ಡವನ್ನೇ ಕತ್ತರಿಸಬಾರದು.

ಮಾಹಿತಿ ಶುದ್ಧಮಾಡುವಾಗ ತಿರುವುಗಳನ್ನು ಮೊದಲೇ ತೆಗೆಯುತ್ತೇನೆ. ತಿರುಗಿದ ಮೇಲೆ ಹೀವ್ (ಹಡಗಿನ ಏರಿಳಿತ) ಮತ್ತು ರೋಲ್ ಸೆನ್ಸರ್ ಸಮಸ್ಥಿತಿಗೆ ಬರಲು ಕೆಲವು ನಿಮಿಷ ಬೇಕು, ಆದ್ದರಿಂದ ಲೈನ್ ಶುರುವಾಗುವ ಮುಂಚೆ ನೇರ ಓಟ ಇಟ್ಟುಕೊಳ್ಳಬೇಕು. ಎಂಬಿ-ಸಿಸ್ಟಂ ಎಂಬ ಮುಕ್ತ ತಂತ್ರಾಂಶದಲ್ಲೂ ಈ ಕೆಲಸವೆಲ್ಲ ಆಗುತ್ತದೆ. ಗ್ರಿಡ್‌ನ ಚೌಕ ಬೀಮ್ ಹರವಿಗಿಂತ ಚಿಕ್ಕದಿರಬಾರದು. 4000 ಮೀಟರಿಗೆ ನಾನು 100 ಮೀಟರ್ ಇಡುತ್ತೇನೆ. 25 ಮೀಟರ್ ಇಟ್ಟರೆ ಚಿತ್ರ ಚೂಪಾಗಿ ಕಾಣುತ್ತದೆ, ಆದರೆ ಕಂಡದ್ದರಲ್ಲಿ ಬಹುಪಾಲು ಗದ್ದಲ. 2030ರೊಳಗೆ ಇಡೀ ಸಾಗರತಳ ನಕ್ಷೆಯಾಗಬೇಕೆಂದು 2017ರಲ್ಲಿ ಶುರುವಾದ ಸೀಬೆಡ್ 2030 ಯೋಜನೆ ಕೂಡ 3000ದಿಂದ 5750 ಮೀಟರ್ ಆಳಕ್ಕೆ ಕೇಳುವುದು 400 ಮೀಟರಿನ ಚೌಕವನ್ನೇ. 2025ರ ಜೂನ್ ಹೊತ್ತಿಗೆ ಆ ಮಟ್ಟದಲ್ಲೂ ನಕ್ಷೆಯಾಗಿದ್ದದ್ದು ಸಾಗರತಳದ 27.3 ಶೇಕಡಾ.

ಸಾಗರದ ಅತಿ ಆಳದ ಜಾಗವಾದ ಚಾಲೆಂಜರ್ ಡೀಪ್‌ನ ಆಳವನ್ನು ಒಂದೊಂದು ಕಡೆ ಒಂದೊಂದು ಬರೆದಿರುವುದಕ್ಕೂ ಈ ಬೀಮ್ ಹರವು, ಶಬ್ದವೇಗದ ದೋಷಗಳೇ ಕಾರಣ. 2010ರ ಮಲ್ಟಿಬೀಮ್ ಸರ್ವೆಯಿಂದ ತೆಗೆದ ಸಂಖ್ಯೆಯನ್ನು 2014ರಲ್ಲಿ 10,984 ಮೀಟರ್, 25 ಮೀಟರ್ ಹೆಚ್ಚುಕಡಿಮೆ ಎಂದು ಪ್ರಕಟಿಸಿದರು. ಆ ಆಳದಲ್ಲಿ 1 ಡಿಗ್ರಿ ಬೀಮ್ 190 ಮೀಟರ್ ಹರಡುತ್ತದೆ, ಸದ್ದು ಹೋಗಿ ಬರುವುದು 22 ಕಿಲೋಮೀಟರ್. ಹೆಚ್ಚುಕಡಿಮೆಯ ಅಂಕಿ ಕೊಡದೆ ಬರೀ ಆಳ ಬರೆದಿದ್ದರೆ ಆ ಸಂಖ್ಯೆಯನ್ನು ನಾನು ಎತ್ತಿಕೊಳ್ಳುವುದಿಲ್ಲ.

ಕಡೆಗೆ ಒಪ್ಪಿಸುವಾಗ ಗ್ರಿಡ್ ಮಾತ್ರ ಕಳಿಸಿ ಕೈತೊಳೆದುಕೊಳ್ಳಬೇಡಿ. ಕಚ್ಚಾ ಫೈಲ್, ಹಾಕಿದ ಶಬ್ದವೇಗದ ಪ್ರೊಫೈಲ್‌ಗಳು ಸಮಯ ಮತ್ತು ಜಾಗದ ಸಮೇತ, ಪ್ಯಾಚ್ ಟೆಸ್ಟ್‌ನ ಅಂಕಿಗಳು, ಸೆನ್ಸರ್‌ಗಳ ಸ್ಥಾನದ ಅಳತೆ, ಇವಿಷ್ಟೂ ಜೊತೆಗಿರಬೇಕು. ಅಂತರರಾಷ್ಟ್ರೀಯ ಜಲಮಾಪನ ಸಂಸ್ಥೆಯ ದತ್ತಾಂಶ ಕೇಂದ್ರ ಅಮೆರಿಕದ ಬೋಲ್ಡರ್‌ನಲ್ಲಿದೆ, ಆಳಸಾಗರದ ಮಾಹಿತಿಯನ್ನು ಅಲ್ಲಿಗೆ ಕೊಡಬಹುದು. ಕಚ್ಚಾ ಫೈಲ್ ಇದ್ದರೆ, ಮುಂದೆ ಯಾರಾದರೂ ಬೇರೆ ಪ್ರೊಫೈಲ್ ಹಾಕಿ ಬಾಗಿದ ಅಂಚನ್ನು ಸರಿಪಡಿಸಿಕೊಳ್ಳಬಹುದು. ಬರೀ ಗ್ರಿಡ್‌ನಿಂದ ಅದು ಆಗದು.