ಕಥೆಯನ್ನು ಎಲ್ಲಿ ನಿಲ್ಲಿಸಬೇಕು: ಟಾಕೀಸಿನ ಆಪರೇಟರ್ ಹೇಳುವ ಸಿನಿಮಾ ನೋಡುವ ಕ್ರಮ

“ಯಾವ ಪಿಚ್ಚರ್ ಚೆನ್ನಾಗೈತಿ ಕಾಕಾ?” ಅಂತ ಓಣಿಯ ಹುಡುಗರು ಈಗಲೂ ಕೇಳುತ್ತಾರೆ. ಈ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. “ಈಗ ತಲೆಯೊಳಗೆ ಏನು ಕೊರೀತಾ ಐತಿ ಹೇಳು, ಆಮೇಲೆ ಪಿಚ್ಚರ್ ಹೇಳ್ತೀನಿ” ಅನ್ನುತ್ತೇನೆ. ಕೆಲಸ ಹೋದವನಿಗೆ ಒಂದು ಬಗೆಯ ಸಿನಿಮಾ ಬೇಕು. ಅಣ್ಣನ ಜೊತೆ ಜಮೀನಿನ ಜಗಳ ಇರುವವನಿಗೆ ಇನ್ನೊಂದು ಬಗೆ. ಮನೆಯಲ್ಲಿ ಸಾವಾಗಿದ್ದರೆ ಅದರ ಲೆಕ್ಕವೇ ಬೇರೆ. ಎಷ್ಟು ಸ್ಟಾರ್ ಕೊಟ್ಟಿದ್ದಾರೆ ಅಂತ ಫೋನಿನಲ್ಲಿ ಹುಡುಕಿದರೆ ಇದು ಸಿಗುವುದಿಲ್ಲ.

ನಾನು ದಾವಣಗೆರೆಯ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು. ರೀಲು ಸುತ್ತುವ ಹುಡುಗನಾಗಿ ಸೇರಿದೆ, ಲೈಸೆನ್ಸ್ ಮಾಡಿಸಿಕೊಂಡೆ, ಟಾಕೀಸು ಬಾಗಿಲು ಹಾಕುವವರೆಗೂ ಮಿಷನ್ ರೂಮಿನಲ್ಲೇ ಇದ್ದೆ. ಆಪರೇಟರ್‌ಗೆ ಒಂದು ವಾರದಲ್ಲಿ ಸಿನಿಮಾ ಬಾಯಿಪಾಠ ಆಗುತ್ತದೆ. ಆಮೇಲೆ ಕಿಂಡಿಯಲ್ಲಿ ನೋಡಲಿಕ್ಕೆ ಉಳಿಯುವುದು ಜನ ಮಾತ್ರ. ಯಾವ ಸೀನಿಗೆ ಯಾರು ಕಣ್ಣೊರೆಸುತ್ತಾರೆ, ಯಾವ ಸೀನಿಗೆ ಎದ್ದು ಬೀಡಿ ಸೇದಲು ಹೋಗುತ್ತಾರೆ, ಇದನ್ನೆಲ್ಲ ನೋಡಿ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಮರ್ಶಕರು ಒಪ್ಪದೇ ಇರಬಹುದು. ಅವರು ಬಾಲ್ಕನಿಯಲ್ಲಿ ಕೂತವರು.

ಮೊದಲನೆಯ ಮಾತು: ಗಾಯ ಹಸಿ ಇರುವಾಗ ನಿಮ್ಮದೇ ಕಥೆಯಂಥ ಸಿನಿಮಾ ನೋಡಬೇಡಿ. ದೂರದ ಕಥೆ ಆರಿಸಿ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ನಮ್ಮದು. ಹತ್ತಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ ಕಾಲದಲ್ಲಿ ಕೆಲಸ ಹೋದವರು ಮ್ಯಾಟ್ನಿಗೆ ಬರುತ್ತಿದ್ದರು. ಬಡವರ ಕಷ್ಟದ ಸಿನಿಮಾ ಹಾಕಿದರೆ ಗಾಂಧಿ ಕ್ಲಾಸ್ ಖಾಲಿ. ಹಾಸ್ಯದ ಸಿನಿಮಾ ಹಾಕಿದರೆ ತುಂಬುತ್ತಿತ್ತು. ಕಷ್ಟ ಮರೆಯಲಿಕ್ಕೆ ಬರುತ್ತಾರೆ ಅಂತ ಮ್ಯಾನೇಜರ್ ಹೇಳುತ್ತಿದ್ದರು. ನನಗೆ ಹಾಗನ್ನಿಸಲಿಲ್ಲ. ಹಾಸ್ಯದ ಸಿನಿಮಾದಲ್ಲೂ ಹೀರೋಗೆ ಕೆಲಸ ಹೋಗುತ್ತದೆ, ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ, ಹತ್ತು ಜನರ ಮುಂದೆ ಮಾನ ಹೋಗುತ್ತದೆ. ಆದರೂ ಕೊನೆಯಲ್ಲಿ ಮದುವೆ ಮನೆಯ ಗ್ರೂಪ್ ಫೋಟೋದಲ್ಲಿ ಅವನಿಗೂ ಜಾಗ ಇರುತ್ತದೆ. ಸಾಲ ಕೊಟ್ಟವನೂ ಪಕ್ಕದಲ್ಲೇ ನಿಂತಿರುತ್ತಾನೆ. ಮಾನ ಹೋದರೂ ಮನುಷ್ಯ ಉಳಿಯುತ್ತಾನಾ ಅನ್ನುವ ಪ್ರಶ್ನೆ ಇಟ್ಟುಕೊಂಡು ಅವರು ಬರುತ್ತಿದ್ದರು ಅಂತ ನನ್ನ ಅಂದಾಜು.

ಹಳೆಯ ನಾಟಕ ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ನಮ್ಮೂರು ಚಿಂದೋಡಿ ಮನೆತನದ ಕಂಪನಿಯ ಊರು, ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಕಂಪನಿಗಳು ಟೆಂಟು ಹಾಕುತ್ತವೆ. ಅಳಿಸುವ ಸೀನು ಮುಗಿದ ಕೂಡಲೇ ಒಂದು ಪರದೆ ಇಳಿಯುತ್ತದೆ. ಅದರ ಮುಂದೆ ಹಾಸ್ಯದ ಜೋಡಿ ಬಂದು ಜನರನ್ನು ನಗಿಸುತ್ತದೆ. ಅಷ್ಟರಲ್ಲಿ ಹಿಂದೆ ಅರಮನೆ ಬಿಚ್ಚಿ ಕಾಡು ಕಟ್ಟುತ್ತಾರೆ. ದುಃಖದ ದಿನಗಳಲ್ಲಿ ನಗುವುದೂ ಹೀಗೇ, ಒಳಗೆ ಸೆಟ್ಟು ಬದಲಾಗಲು ಸ್ವಲ್ಪ ಹೊತ್ತು ಕೊಟ್ಟ ಹಾಗೆ. ಸೂತಕದ ಮನೆಯಲ್ಲಿ ಯಾರಾದರೂ ನಕ್ಕರೆ ದುರುಗುಟ್ಟಿ ನೋಡಬೇಡಿ.

ಗಾಯ ಒಣಗಿದ ಮೇಲೆ ಹತ್ತಿರದ ಕಥೆಗೆ ಬನ್ನಿ. ಇದಕ್ಕೆ ವರ್ಷಗಳೇ ಹಿಡಿಯಬಹುದು. ಮಿಲ್ಲಿನಲ್ಲಿದ್ದ ನನ್ನ ಗೆಳೆಯನೊಬ್ಬನಿಗೆ ನನ್ನ ಮಗಳು ಲ್ಯಾಪ್‌ಟಾಪಿನಲ್ಲಿ 1948ರ ಇಟಲಿಯ ‘ಬೈಸಿಕಲ್ ಥೀವ್ಸ್’ ತೋರಿಸಿದಳು. ಯುದ್ಧ ಮುಗಿದ ರೋಮ್ ನಗರ. ಒಬ್ಬನಿಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ. ಅದಕ್ಕೆ ಸೈಕಲ್ ಇರಲೇಬೇಕು. ಮೊದಲ ದಿನವೇ ಸೈಕಲ್ ಕಳುವಾಗುತ್ತದೆ. ಸಿನಿಮಾ ಪೂರ್ತಿ ಅಪ್ಪ ಮತ್ತು ಸಣ್ಣ ಮಗ ಅದನ್ನು ಹುಡುಕುತ್ತಾರೆ. ಅಪ್ಪನ ಪಾತ್ರ ಮಾಡಿದವನು ನಟನಲ್ಲ, ನಿಜವಾದ ಕಾರ್ಖಾನೆ ಕೆಲಸಗಾರ. ಕೊನೆಗೆ ಅಪ್ಪನೇ ಕಳ್ಳತನಕ್ಕೆ ಇಳಿದು ಸಿಕ್ಕಿಬಿದ್ದಾಗ ಮಗ ಬಂದು ಅವನ ಕೈ ಹಿಡಿಯುತ್ತಾನೆ. ನನ್ನ ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮಿಲ್ ಬಂದಾದಾಗ ನನ್ನ ಕಥೀನೇ ನೋಡ್ಕೊಂಡೆ ನಾನು. ನಮ್ಮ ಹುಡುಗ ಏನು ನೋಡಿದ ಅಂತ ಕೇಳಲೇ ಇಲ್ಲ” ಅಂದ. ಮಿಲ್ ಮುಚ್ಚಿದ ವಾರವೇ ಇದನ್ನು ತೋರಿಸಿದ್ದರೆ ಅರ್ಧಕ್ಕೇ ಎದ್ದು ಹೋಗುತ್ತಿದ್ದ.

ದೆವ್ವದ ಸಿನಿಮಾ ಅಂದರೆ ಮೂಗು ಮುರಿಯುವವರು ಜಾಸ್ತಿ. ನಾನು ಅದನ್ನು ಗೌರವದಿಂದ ನೋಡುತ್ತೇನೆ. ನೋಡುವಾಗ ಒಂದು ಪ್ರಶ್ನೆ ಸಾಕು: ಈ ದೆವ್ವಕ್ಕೆ ಬೇಕಾಗಿರುವುದು ಏನು? ಸಾಮಾನ್ಯವಾಗಿ ಅದಕ್ಕೆ ಹಿಂದೆ ಅನ್ಯಾಯವಾಗಿರುತ್ತದೆ, ಮನೆಯವರು ಬಾಯಿ ಮುಚ್ಚಿಕೊಂಡಿರುತ್ತಾರೆ. ರಾಕ್ಷಸ ಪ್ರಾಣಿಯ ಸಿನಿಮಾಕ್ಕೂ ಇದೇ ಪ್ರಶ್ನೆ ಹಾಕಬಹುದು. ಜಪಾನಿನಲ್ಲಿ ‘ಗಾಡ್ಜಿಲ್ಲಾ’ ಬಂದದ್ದು 1954ರಲ್ಲಿ. ಹಿರೋಷಿಮಾ ಸುಟ್ಟು ಆಗ ಒಂಬತ್ತು ವರ್ಷ. ಅದೇ ವರ್ಷ ಮಾರ್ಚಿನಲ್ಲಿ ಅಮೆರಿಕ ಬಿಕಿನಿ ದ್ವೀಪದ ಹತ್ತಿರ ಹೈಡ್ರೋಜನ್ ಬಾಂಬ್ ಸಿಡಿಸಿ, ಅದರ ವಿಷದ ಬೂದಿ ಜಪಾನಿನ ಒಂದು ಮೀನುಗಾರಿಕೆ ದೋಣಿಯ ಮೇಲೆ ಬಿದ್ದಿತ್ತು. ಸಿನಿಮಾದ ರಾಕ್ಷಸ ಎದ್ದು ಬರುವುದೂ ಇಂಥ ಬಾಂಬುಗಳಿಂದಲೇ. ನಿಮಗೆ ಯಾವ ಬಗೆಯ ದೆವ್ವದ ಕಥೆ ಜಾಸ್ತಿ ಹೆದರಿಸುತ್ತದೆ ಅಂತ ಬರೆದಿಡಿ. ಮನೆಯಲ್ಲಿ ಯಾರೂ ಬಾಯಿಬಿಡದ ವಿಷಯ ಒಂದು ಅಲ್ಲೇ ಪಕ್ಕದಲ್ಲಿ ಇರಬಹುದು. ಸಾಲವೋ, ಕಾಯಿಲೆಯೋ, ಯಾರಿಗೋ ಕೊಡದೇ ಉಳಿಸಿಕೊಂಡ ಪಾಲೋ.

ಪತ್ತೇದಾರಿ ಕಥೆಯ ವಿಷಯದಲ್ಲಿ ಎಚ್ಚರ ಬೇಕು. ಅದು ಬುದ್ಧಿಗೆ ಒಳ್ಳೆಯ ಊಟ. ಆದರೆ ಎಲ್ಲಕ್ಕೂ ಒಬ್ಬ ಅಪರಾಧಿ ಇದ್ದೇ ಇರುತ್ತಾನೆ ಅನ್ನುವ ಚಟ ಹತ್ತಿಸುತ್ತದೆ. ನಮ್ಮ ಕಡೆ ಮನೆಯಲ್ಲಿ ಸಾವಾದರೆ ಏನಾಗುತ್ತದೆ ನೋಡಿ. ಡಾಕ್ಟರ್ ಸರಿ ಇಲ್ಲ, ವಾಸ್ತು ಸರಿ ಇಲ್ಲ, ಕೊನೆಗೆ ಹೊಸದಾಗಿ ಬಂದ ಸೊಸೆಯ ಕಾಲ್ಗುಣ. ಅತ್ತು ಮುಗಿಸಬೇಕಾದ ಕಥೆಯನ್ನು ಪತ್ತೇದಾರಿ ಮಾಡಿ, ಏನೂ ತಿಳಿಯದ ಹುಡುಗಿಯನ್ನು ಕಟಕಟೆಗೆ ಹತ್ತಿಸುತ್ತೇವೆ. ನಿಮ್ಮ ಕಷ್ಟ ಯಾವ ಬಗೆಯ ಕಥೆ ಅಂತ ಮೊದಲು ಗುರುತಿಸಿ ಅನ್ನುವುದು ಇದಕ್ಕೇ. ಬಗೆ ತಪ್ಪಿದರೆ ಯಾರಿಗೋ ಹೊಡೆತ ಬೀಳುತ್ತದೆ.

ಹೊಡೆದಾಟದ ಸಿನಿಮಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಫೀಸುಗಳನ್ನು ಸುತ್ತಿ ಸುತ್ತಿ ಚಪ್ಪಲಿ ಸವೆಸಿಕೊಂಡವನು ಅಲ್ಲಿ ಶಿಳ್ಳೆ ಹೊಡೆಯುತ್ತಾನೆ. ಹೊಡೆಯಲಿ ಬಿಡಿ.

ಇನ್ನು ದುರಂತ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಸೀಮೆಯವರಿಗೆ ಉದಾಹರಣೆ ಹುಡುಕುವ ಕಷ್ಟವಿಲ್ಲ. ತ.ರಾ.ಸು. ಅವರ ಕಾದಂಬರಿಗಳನ್ನು ಇಟ್ಟುಕೊಂಡು ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದರು. ಚಿತ್ರದುರ್ಗದ ಕೋಟೆ, ಬಂಡೆ ಎಲ್ಲ ಅದರಲ್ಲಿವೆ. ಅಲಮೇಲುವನ್ನು ಬಿಟ್ಟುಕೊಡು ಅಂತ ಚಾಮಯ್ಯ ಮೇಷ್ಟ್ರು ರಾಮಾಚಾರಿಗೆ ಹೇಳುತ್ತಾರೆ. ಆ ಸೀನು ಮುಗಿದ ಕೂಡಲೇ ಸಿನಿಮಾ ನಿಲ್ಲಿಸಿ. ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿ. ಮೇಷ್ಟ್ರಿಗೆ ತಾವು ಒಂದು ನೀತಿ ಕಥೆಯಲ್ಲಿ ಇದ್ದೇವೆ ಅಂತ ನಂಬಿಕೆ. ತ್ಯಾಗ ಮಾಡಿದರೆ ಒಳ್ಳೆಯದೇ ಆಗುತ್ತದೆ. ರಾಮಾಚಾರಿಗೆ ಅದು ಪ್ರೇಮ ಕಥೆ, ಈಗ ಮುರಿದ ಪ್ರೇಮ ಕಥೆ. ಅಲಮೇಲು ಯಾವ ಕಥೆಯಲ್ಲಿ ಇದ್ದಾಳೆ ಅಂತ ಇಬ್ಬರೂ ಕೇಳುವುದಿಲ್ಲ. ಅವಳ ಮುಂದಿನ ಗತಿ ಸಿನಿಮಾ ನೋಡಿದವರಿಗೆ ಗೊತ್ತು. ನನ್ನ ಪ್ರಕಾರ ಆ ಸಿನಿಮಾದ ತಿರುವು ಕೊನೆಯ ಬಂಡೆಯ ಮೇಲೆ ಇಲ್ಲ, ಇಲ್ಲಿದೆ.

ದುರಂತ ನೋಡುವಾಗ ಮಾಡಬೇಕಾದ ಕೆಲಸ ಇದು. ಯಾವ ಜಾಗದಲ್ಲಿ ಯಾರು ಒಂದು ಮಾತು ಕೇಳಿದ್ದರೆ ಕಥೆ ತಿರುಗುತ್ತಿತ್ತು ಅಂತ ಹುಡುಕುವುದು. ಸಿಕ್ಕ ಮೇಲೆ ನಿಮ್ಮ ಮನೆಗೆ ಬನ್ನಿ. ಅತ್ತೆ ಕೌಟುಂಬಿಕ ಚಿತ್ರದಲ್ಲಿ ಇರುತ್ತಾರೆ, ಮಗ ಮಾಸ್ ಸಿನಿಮಾದಲ್ಲಿ, ಸೊಸೆ ಥ್ರಿಲ್ಲರ್‌ನಲ್ಲಿ. ಊಟಕ್ಕೆ ಮಾತ್ರ ಎಲ್ಲರೂ ಒಂದೇ ಕಡೆ ಕೂರುತ್ತಾರೆ! ಒಂದು ಚೀಟಿಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರು ಬರೆದು, ಅವರು ತಾವು ಯಾವ ಬಗೆಯ ಕಥೆಯಲ್ಲಿ ಇದ್ದೇವೆ ಅಂದುಕೊಂಡಿದ್ದಾರೆ ಅಂತ ಪಕ್ಕದಲ್ಲಿ ಬರೆಯಿರಿ. ಆಮೇಲೆ ಹೋಗಿ ಅವರನ್ನೇ ಕೇಳಿ. ನೀವು ಬರೆದದ್ದಕ್ಕೂ ಅವರು ಹೇಳುವುದಕ್ಕೂ ತಾಳೆ ಆದರೆ ನಿಮ್ಮ ಮನೆ ಅಪರೂಪದ್ದು.

ಈಗ ಮಿಷನ್ ರೂಮಿನ ಪಾಠ. ಸಾವಿರ ಅಡಿಯ ಒಂದು ರೀಲು ಓಡುವುದು ಸುಮಾರು 11 ನಿಮಿಷ. ಸೆಕೆಂಡಿಗೆ 24 ಚಿತ್ರ. ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಗಡೆ ಮೇಲ್ಮೂಲೆಯಲ್ಲಿ ಸಣ್ಣ ಚುಕ್ಕಿ ಬರುತ್ತದೆ. ಆಗ ಎರಡನೇ ಮಿಷನ್‌ಗೆ ಬದಲಾಯಿಸಬೇಕು. ಜನಕ್ಕೆ ಗೊತ್ತಾಗುವುದಿಲ್ಲ. ಆದರೆ ದಿನಾ ರೀಲು ಕೊನೆಯಾಗುವುದನ್ನು ನೋಡುವವನಿಗೆ ಒಂದು ವಿಷಯ ಮನಸ್ಸಿಗೆ ಬರುತ್ತದೆ. ಯಾವುದೇ ಕಥೆ ಯಾವ ಬಗೆಯದು ಅನ್ನುವುದು ಅದನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದರ ಮೇಲಿದೆ.

ಓಬವ್ವನ ಕಥೆ ತೆಗೆದುಕೊಳ್ಳಿ. ಗಂಡ ಕಹಳೆಯವನು, ಊಟಕ್ಕೆ ಬಂದಿದ್ದಾನೆ. ಇವಳು ನೀರಿಗೆ ಹೋದಾಗ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ತೂರಿ ಬರುವುದು ಕಾಣುತ್ತದೆ. ಒನಕೆ ಎತ್ತುತ್ತಾಳೆ. ಅಲ್ಲಿಗೆ ನಿಲ್ಲಿಸಿದರೆ ವೀರಗಾಥೆ. ಇನ್ನೊಂದು ರೀಲು ಓಡಿಸಿದರೆ ಅವಳೂ ಸಾಯುತ್ತಾಳೆ, ದುರಂತ. 1779ರವರೆಗೆ ಓಡಿಸಿದರೆ ಕೋಟೆಯೇ ಹೈದರಾಲಿಯ ಪಾಲಾಗುತ್ತದೆ, ಇಷ್ಟೆಲ್ಲ ಯಾಕೆ ಬೇಕಿತ್ತು ಅನ್ನಿಸುತ್ತದೆ. ಇವತ್ತಿನ ತನಕ ಓಡಿಸಿದರೆ ಚಿತ್ರದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. 2021ರಿಂದ ನವೆಂಬರ್ 11ಕ್ಕೆ ಸರ್ಕಾರ ಅವಳ ಜಯಂತಿ ಮಾಡುತ್ತಿದೆ. ನಡೆದದ್ದು ಒಂದೇ, ಕಥೆ ನಾಲ್ಕು ಬಗೆ.

ನಿಮ್ಮ ಬದುಕಿನ ಒಂದು ಘಟನೆಯನ್ನು ಹೀಗೇ ಬರೆದು ನೋಡಿ. ದೊಡ್ಡದೇ ಬೇಕಂತಿಲ್ಲ. ಅರ್ಧ ಪುಟ ಸಾಕು. ಒಂದು ಸಲ ಆ ದಿನದ ರಾತ್ರಿಗೆ ನಿಲ್ಲಿಸಿ. ಇನ್ನೊಂದು ಸಲ ಒಂದು ವರ್ಷದ ನಂತರಕ್ಕೆ. ಮೂರನೆಯದು ಇವತ್ತಿಗೆ. ನನ್ನ ಟಾಕೀಸಿನ ಕಥೆಯನ್ನು ಕೊನೆಯ ಸೆಕೆಂಡ್ ಶೋಗೆ ನಿಲ್ಲಿಸಿದರೆ ಈಗಲೂ ಗಂಟಲು ಕಟ್ಟುತ್ತದೆ. ವರ್ಷದ ನಂತರಕ್ಕೆ ತಂದರೆ ನಮ್ಮ ಗೇಟ್ ಕೀಪರ್ ಮೂಲೆಯಲ್ಲಿ ಮಿರ್ಚಿ ಮಂಡಕ್ಕಿ ಗಾಡಿ ಇಟ್ಟು, ಟಾಕೀಸು ಕೊಡುತ್ತಿದ್ದ ಸಂಬಳವನ್ನು ನೆನೆಸಿಕೊಂಡು ನಗುತ್ತಿದ್ದಾನೆ. ಅಲ್ಲೂ ಸಾಲು ಮುರಿದವರನ್ನು ಗದರುತ್ತಾನೆ. ನನ್ನ ಕಥೆ ಮತ್ತು ಅವನ ಕಥೆ ಬೇರೆ ಬೇರೆ ಅಂತ ಬರೆದಾಗಲೇ ನನಗೆ ಗೊತ್ತಾದದ್ದು.

ಇಲ್ಲಿ ಒಂದು ಕಟ್ಟುನಿಟ್ಟು. ಇನ್ನೊಬ್ಬರ ಕಥೆಗೆ ನೀವು ಕ್ಲೈಮ್ಯಾಕ್ಸ್ ಅಂಟಿಸಬೇಡಿ. ಸಾವಿನ ಮನೆಗೆ ಹೋಗಿ “ಎಲ್ಲಾ ಒಳ್ಳೇದಕ್ಕೇ” ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರ ರೀಲು ಇನ್ನೂ ಓಡುತ್ತಿದೆ, ನೀವು ಯಾಕೆ ಲೈಟ್ ಹಾಕುತ್ತೀರಿ? ಕೆಲವು ಘಟನೆಗಳಿಗೆ ಅರ್ಥ ಸಿಗುವುದೇ ಇಲ್ಲ. ಅವನ್ನು ಹಾಗೇ ಬಿಡಿ. ಊಟ ಸೇರದೆ, ನಿದ್ದೆ ಬಾರದೆ ವಾರಗಳು ಕಳೆಯುತ್ತಿದ್ದರೆ ಸಿನಿಮಾ ಸಾಕಾಗುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಇಲ್ಲವೇ ಡಾಕ್ಟರ್ ಹತ್ತಿರ ಹೋಗಿ.

ನೋಡುವ ಕ್ರಮದ ಬಗ್ಗೆ ಇನ್ನೆರಡು ಮಾತು. ನಮ್ಮ ಸಿನಿಮಾಗಳಲ್ಲಿ ಇಂಟರ್‌ವಲ್ ಇದೆ, ಅದನ್ನು ಬಳಸಿಕೊಳ್ಳಿ. ಮನೆಯಲ್ಲಿ ನೋಡುತ್ತಿದ್ದರೂ ಅಲ್ಲಿ ನಿಲ್ಲಿಸಿ, ಚಹಾ ಕುಡಿಯುತ್ತಾ ಮುಂದೆ ಏನಾಗಬೇಕು ಅಂತ ಒಬ್ಬೊಬ್ಬರೂ ಹೇಳಿ. ಏನಾಗುತ್ತದೆ ಅಂತ ಊಹಿಸುವ ಪಂದ್ಯ ಬೇಡ. ಏನಾಗಬೇಕು ಅಂತ ಹೇಳಿದಾಗ ಮನಸ್ಸಿನಲ್ಲಿ ಇರುವುದು ತಾನಾಗಿ ಹೊರಗೆ ಬರುತ್ತದೆ. ಇನ್ನೊಂದು, ಎಲ್ಲರೂ ಅಳುವ ಸೀನನ್ನು ಬಿಟ್ಟು, ನೀವೊಬ್ಬರೇ ಅತ್ತ ಸೀನನ್ನು ಬರೆದಿಡಿ. ತಾಯಿ ಸಾಯುವ ಸೀನಿಗೆ ಇಡೀ ಟಾಕೀಸು ಅಳುತ್ತಿತ್ತು. ಆದರೆ ಹೀರೋ ಹೊಸ ಚಪ್ಪಲಿ ಕೊಳ್ಳುವ ಸೀನಿಗೆ ಮೂರನೇ ಸಾಲಿನಲ್ಲಿ ಒಬ್ಬ ಹೆಗಲ ಟವೆಲ್ಲಿಂದ ಕಣ್ಣೊರೆಸಿಕೊಂಡದ್ದು ನನಗೆ ಇನ್ನೂ ನೆನಪಿದೆ. ಅವನ ಕಥೆ ಆ ಚಪ್ಪಲಿಯಲ್ಲಿತ್ತು.

ಶುರು ಮಾಡಲಿಕ್ಕೆ ಒಂದು ಭಾನುವಾರ ಸಾಕು. ಮನೆಯವರನ್ನು ಕರೆದುಕೊಂಡು ದುರ್ಗದ ಕೋಟೆಗೆ ಹೋಗಿ. ಒನಕೆ ಕಿಂಡಿಯ ಹತ್ತಿರ ಕೂತು ಓಬವ್ವನ ಕಥೆ ಹೇಳಲು ಒಬ್ಬೊಬ್ಬರಿಗೂ ಬಿಡಿ, ಚಿಕ್ಕವರಿಂದ ಶುರುವಾಗಲಿ. ತಪ್ಪು ಹೇಳಿದರೆ ತಿದ್ದಬೇಡಿ. ಯಾರು ಎಲ್ಲಿಗೆ ನಿಲ್ಲಿಸಿದರು ಅಂತ ಮಾತ್ರ ಗಮನಿಸಿ. ರಾತ್ರಿ ಮನೆಗೆ ಬಂದು ‘ನಾಗರಹಾವು’ ಹಾಕಿ, ಓಬವ್ವನೂ ಅದರಲ್ಲಿ ಬರುತ್ತಾಳೆ. ಕೋಟೆಗೆ ಮಾತ್ರ ಬೆಳಿಗ್ಗೆ ಬೇಗ ಹೋಗಿ, ನೀರಿನ ಬಾಟಲಿ ಜಾಸ್ತಿ ಇಟ್ಟುಕೊಳ್ಳಿ. ಬಿಸಿಲಿಗೆ ಬಂಡೆ ಕಾದ ಮೇಲೆ ಕಥೆ ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ.